ಗಣಿತ, ವಿಜ್ಞಾನ ಪಾಠ ಸುಧಾರಿಸುವ ಕಾರ್ಯಕ್ರಮ ಫಲಿಸಿತೇ? ಮೌಲ್ಯಮಾಪನದ ಸಮಗ್ರ ಮಾರ್ಗದರ್ಶಿ

ಕಾರ್ಯಾಗಾರ ಮುಗಿದ ಸಂಜೆ ಶಿಕ್ಷಕರ ಕೈಗೆ ಹಿಮ್ಮಾಹಿತಿ ಹಾಳೆ ಬರುತ್ತದೆ. ತರಬೇತಿ ಹೇಗಿತ್ತು? ತುಂಬ ಚೆನ್ನಾಗಿತ್ತು. ತರಗತಿಯಲ್ಲಿ ಬಳಸುತ್ತೀರಾ? ಖಂಡಿತ. ಇಂಥ ಹಾಳೆಗಳನ್ನು ಒಟ್ಟುಮಾಡಿ, ಶೇಕಡಾವಾರು ಲೆಕ್ಕ ಹಾಕಿ, ಮೌಲ್ಯಮಾಪನ ವರದಿ ಎಂದು ಹೆಸರಿಟ್ಟ ಕಡತಗಳನ್ನು ಸಾಕಷ್ಟು ಓದಿದ್ದೇನೆ. ಅವುಗಳಲ್ಲಿ ಶಿಕ್ಷಕರ ಸಂಖ್ಯೆ ಇರುತ್ತದೆ, ದಿನಗಳ ಸಂಖ್ಯೆ ಇರುತ್ತದೆ, ಹಂಚಿದ ಕಿಟ್‌ಗಳ ಸಂಖ್ಯೆಯೂ ಇರುತ್ತದೆ. ಹಿಂದಿನ ವರ್ಷ 1/2 + 1/3 = 2/5 ಎಂದು ಬರೆಯುತ್ತಿದ್ದ ಮಗು ಈಗ ಏನು ಬರೆಯುತ್ತಿದೆ ಎಂಬುದು ಮಾತ್ರ ಇರುವುದಿಲ್ಲ.

ಶಿಕ್ಷಕರ ತರಬೇತಿ, ಪ್ರಯೋಗಾಲಯದ ಕಿಟ್, ಕಲಿಕಾ ತಂತ್ರಾಂಶ, ಹೊಸ ಪಠ್ಯಸಾಮಗ್ರಿ, ಹೀಗೆ ಗಣಿತ ಮತ್ತು ವಿಜ್ಞಾನದ ಪಾಠ ಸುಧಾರಿಸಬೇಕೆಂದು ಶಾಲೆಗಳಲ್ಲಿ ಕಾರ್ಯಕ್ರಮ ನಡೆಸುವವರಿಗೆ, ಅದಕ್ಕೆ ಹಣ ಕೊಡುವವರಿಗೆ, ಅದನ್ನು ಶಾಲೆಯೊಳಗೆ ಬಿಟ್ಟುಕೊಳ್ಳುವ ಮುಖ್ಯೋಪಾಧ್ಯಾಯರಿಗೆ ಈ ಬರಹ. ಉದ್ದಕ್ಕೂ ಒಂದು ಉದಾಹರಣೆಯನ್ನು ಜೊತೆಗಿಟ್ಟುಕೊಳ್ಳೋಣ: 6ರಿಂದ 8ನೇ ತರಗತಿಯ ಗಣಿತ ಶಿಕ್ಷಕರಿಗೆ ಭಿನ್ನರಾಶಿ ಮತ್ತು ದಶಮಾಂಶ ಕಲಿಸುವ ಬಗ್ಗೆ ಒಂದು ವರ್ಷದ ತರಬೇತಿ. ಆರಂಭದಲ್ಲಿ ಕೆಲವು ದಿನಗಳ ಕಾರ್ಯಾಗಾರ, ಆಮೇಲೆ ತಿಂಗಳಿಗೊಮ್ಮೆ ತರಗತಿಗೆ ಭೇಟಿ.

ಮೊದಲ ಹೆಜ್ಜೆ: ಉತ್ತರ ಬಂದರೆ ಏನು ಮಾಡುತ್ತೀರಿ ಎಂದು ಬರೆದಿಡಿ

ಪ್ರಶ್ನೆಪತ್ರಿಕೆ ತಯಾರಿಸುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಫಲಿತಾಂಶ ಕೈಗೆ ಬಂದ ದಿನ ಯಾರು, ಯಾವ ತೀರ್ಮಾನ ಮಾಡಬೇಕಾಗಿದೆ? ಕಾರ್ಯಕ್ರಮವನ್ನು ಇನ್ನಷ್ಟು ಶಾಲೆಗಳಿಗೆ ಹಬ್ಬಿಸುವುದೇ, ತಿದ್ದುವುದೇ, ನಿಲ್ಲಿಸುವುದೇ? ಫಲಿತಾಂಶ ಏನೇ ಬಂದರೂ ತೀರ್ಮಾನ ಬದಲಾಗದು ಎಂದಾದರೆ ಮಕ್ಕಳಿಗೆ ಇನ್ನೊಂದು ಪರೀಕ್ಷೆಯ ಹೊರೆ ಹೊರಿಸಬೇಡಿ.

ಶಿಕ್ಷಕರಿಗೆ ರೂಪಣಾತ್ಮಕ, ಸಂಕಲನಾತ್ಮಕ ಎಂಬ ಪದಗಳು ಮಕ್ಕಳ ಪರೀಕ್ಷೆಗಳಿಂದ ಪರಿಚಿತ. ಆದರೆ 1967ರಲ್ಲಿ ಮೈಕೆಲ್ ಸ್ಕ್ರಿವೆನ್ ಈ ಭೇದವನ್ನು ಮುಂದಿಟ್ಟದ್ದು ಕಾರ್ಯಕ್ರಮಗಳ, ಪಠ್ಯಕ್ರಮಗಳ ಮೌಲ್ಯಮಾಪನಕ್ಕಾಗಿಯೇ. ನಡೆಯುತ್ತಿರುವಾಗ ತಿದ್ದಿಕೊಳ್ಳಲು ನೋಡುವುದು ಒಂದು, ಮುಗಿದ ಮೇಲೆ ತೀರ್ಪು ಕೊಡಲು ನೋಡುವುದು ಇನ್ನೊಂದು. ಮೊದಲ ವರ್ಷದ ಕಾರ್ಯಕ್ರಮಕ್ಕೆ ತೀರ್ಪಿನ ಮೌಲ್ಯಮಾಪನ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸಂಪನ್ಮೂಲ ವ್ಯಕ್ತಿಗಳೇ ಇನ್ನೂ ಕಲಿಯುತ್ತಿರುತ್ತಾರೆ, ಸಾಮಗ್ರಿಯಲ್ಲಿ ತಪ್ಪುಗಳಿರುತ್ತವೆ, ವೇಳಾಪಟ್ಟಿ ಹೊಂದಿರುವುದಿಲ್ಲ. ಆ ವರ್ಷ ನೋಡಿ, ಕೇಳಿ, ತಿದ್ದಿ. ಅಳೆದು ತೂಗುವುದು ಎರಡನೆಯ ವರ್ಷದ ಕೆಲಸ.

ಎರಡನೆಯ ಹೆಜ್ಜೆ: ಸರಪಳಿಯ ಕೊಂಡಿಗಳನ್ನು ಬಿಡಿಸಿ ಬರೆಯಿರಿ

ಶಿಕ್ಷಕರಿಗೆ ಕೊಟ್ಟ ತರಬೇತಿ ಮಗುವಿನ ತಲೆಯವರೆಗೆ ಹೋಗಬೇಕಾದರೆ ಹಲವು ಕೈ ದಾಟಬೇಕು. ಶಿಕ್ಷಕರು ತರಬೇತಿಗೆ ಬರಬೇಕು. ಅವರ ತಿಳಿವಳಿಕೆಯಲ್ಲಿ ಏನಾದರೂ ಬದಲಾಗಬೇಕು. ಹೊಸ ರೀತಿಯಲ್ಲಿ ಪಾಠ ಮಾಡಲು ಶಾಲೆ ಬಿಡುವು ಕೊಡಬೇಕು. ಅವರು ನಿಜವಾಗಿ ಹಾಗೆ ಪಾಠ ಮಾಡಬೇಕು. ಆ ಪಾಠದಲ್ಲಿ ಮಗು ಯೋಚಿಸಬೇಕು. ಕೊನೆಗೆ ಆ ಯೋಚನೆ ಉತ್ತರಪತ್ರಿಕೆಯಲ್ಲಿ ಕಾಣಬೇಕು. ಥಾಮಸ್ ಗಸ್ಕಿ 2000ದಲ್ಲಿ ಶಿಕ್ಷಕರ ತರಬೇತಿಯನ್ನು ಅಳೆಯಲು ಐದು ಹಂತಗಳನ್ನು ಸೂಚಿಸಿದರು: ಶಿಕ್ಷಕರ ಪ್ರತಿಕ್ರಿಯೆ, ಅವರ ಕಲಿಕೆ, ಸಂಸ್ಥೆಯ ಬೆಂಬಲ, ಕಲಿತದ್ದರ ಬಳಕೆ, ಮಕ್ಕಳ ಕಲಿಕೆ. ನಡುವಿನ ಹಂತವಾದ ಸಂಸ್ಥೆಯ ಬೆಂಬಲವನ್ನು ಹೆಚ್ಚಿನವರು ಮರೆಯುತ್ತಾರೆ. ಗುಂಪಿನಲ್ಲಿ ಚರ್ಚಿಸಿ ಲೆಕ್ಕ ಬಿಡಿಸುವ ಪಾಠ ಕಲಿತು ಬಂದ ಶಿಕ್ಷಕಿಗೆ "ತರಗತಿಯಲ್ಲಿ ಗಲಾಟೆ ಯಾಕೆ?" ಎಂಬ ಪ್ರಶ್ನೆ ಎದುರಾದರೆ ಕಾರ್ಯಕ್ರಮ ಅಲ್ಲೇ ನಿಲ್ಲುತ್ತದೆ. ಆಗ ತಪ್ಪು ತರಬೇತಿಯದ್ದಲ್ಲ.

ಕೊಂಡಿಗಳನ್ನು ಬೇರೆ ಬೇರೆಯಾಗಿ ಅಳೆಯುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಎರಡು ನಿಜ ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ 12 ಜಿಲ್ಲೆಗಳ 77 ಶಾಲೆಗಳಲ್ಲಿ 7ನೇ ತರಗತಿಯ ಗಣಿತ ಶಿಕ್ಷಕರಿಗೆ ಭಿನ್ನರಾಶಿ, ದಶಮಾಂಶ, ಅನುಪಾತಗಳ ಬಗ್ಗೆ ತೀವ್ರ ತರಬೇತಿ ಕೊಟ್ಟು ಅಧ್ಯಯನ ಮಾಡಿದರು. ಮೊದಲ ವರ್ಷದ ಫಲಿತಾಂಶ 2010ರಲ್ಲಿ, ಎರಡು ವರ್ಷಗಳದ್ದು 2011ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರು ತರಗತಿಯಲ್ಲಿ ಮಕ್ಕಳಿಂದ ಹೆಚ್ಚು ಬಾರಿ "ಹೇಗೆ ಯೋಚಿಸಿದೆ, ಹೇಳು" ಎಂದು ಕೇಳುವುದು ಮೊದಲ ವರ್ಷ ಕಂಡುಬಂತು. ಆದರೆ ಶಿಕ್ಷಕರ ವಿಷಯಜ್ಞಾನದಲ್ಲಿ ಗಣನೀಯ ಬದಲಾವಣೆ ಇರಲಿಲ್ಲ, ಮಕ್ಕಳ ಅಂಕಗಳಲ್ಲೂ ಇರಲಿಲ್ಲ. ಎರಡನೆಯ ವರ್ಷದ ಕೊನೆಗೂ ಜ್ಞಾನ ಮತ್ತು ಅಂಕಗಳ ವಿಷಯದಲ್ಲಿ ಅದೇ ಕತೆ. ಮಕ್ಕಳ ಅಂಕವನ್ನಷ್ಟೇ ಅಳೆದಿದ್ದರೆ "ತರಬೇತಿ ದಂಡ" ಎಂದು ಹೇಳಿ ಕೈ ತೊಳೆದುಕೊಳ್ಳಬೇಕಾಗುತ್ತಿತ್ತು. ನಡುವಿನ ಕೊಂಡಿಗಳನ್ನೂ ಅಳೆದದ್ದರಿಂದ ಎಲ್ಲಿ ಹುಡುಕಬೇಕೆಂಬ ಸುಳಿವು ಸಿಕ್ಕಿತು: ಪ್ರಶ್ನೆ ಕೇಳುವ ಅಭ್ಯಾಸ ಬಂದಿದೆ, ಉತ್ತರವನ್ನು ಅರ್ಥಮಾಡಿಕೊಂಡು ಮುಂದೊಯ್ಯಲು ಬೇಕಾದ ಗಣಿತ ಗಟ್ಟಿಯಾಗಿಲ್ಲದಿರಬಹುದು.

ಇನ್ನೊಂದು, 1989ರಲ್ಲಿ ಪ್ರಕಟವಾದ ಥಾಮಸ್ ಕಾರ್ಪೆಂಟರ್ ಮತ್ತು ಸಂಗಡಿಗರ ಅಧ್ಯಯನ. ಒಂದನೇ ತರಗತಿಯ 40 ಶಿಕ್ಷಕರಲ್ಲಿ ಅರ್ಧದಷ್ಟು ಜನರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿ, ಕೂಡುವ ಕಳೆಯುವ ಲೆಕ್ಕಗಳನ್ನು ಮಕ್ಕಳು ತಮ್ಮದೇ ರೀತಿಯಲ್ಲಿ ಹೇಗೆ ಬಿಡಿಸುತ್ತಾರೆ ಎಂಬುದನ್ನು ನಾಲ್ಕು ವಾರ ಕಲಿಸಿದರು. ಆ ಶಿಕ್ಷಕರು ಮಗ್ಗಿಯಂತೆ ಬಾಯಿಪಾಠ ಮಾಡಿಸುವುದಕ್ಕೆ ಕಡಿಮೆ, ಸಮಸ್ಯೆ ಬಿಡಿಸುವುದಕ್ಕೆ ಹೆಚ್ಚು ಸಮಯ ಕೊಟ್ಟದ್ದು ತರಗತಿಯ ವೀಕ್ಷಣೆಯಲ್ಲಿ ಕಂಡಿತು. ಅವರ ಮಕ್ಕಳು ಕೂಡುವ ಕಳೆಯುವ ಸಣ್ಣ ಲೆಕ್ಕಗಳ ಉತ್ತರವನ್ನು ನೆನಪಿನಿಂದ ಹೇಳುವುದರಲ್ಲೂ ಮುಂದಿದ್ದರು. ತರಬೇತಿ, ತರಗತಿ, ಮಗು ಮೂರೂ ಒಂದೇ ದಿಕ್ಕಿನಲ್ಲಿ ಮಾತಾಡುವುದರಿಂದಲೇ ಈ ಫಲಿತಾಂಶವನ್ನು ನಂಬಬಹುದು.

ನಿಮ್ಮ ಕಾರ್ಯಕ್ರಮದ ಪ್ರತಿ ಕೊಂಡಿಯ ಮುಂದೆ ಒಂದೊಂದು ವಾಕ್ಯ ಬರೆಯಿರಿ: ಇದು ನಡೆಯಿತು ಎಂದು ನನಗೆ ಹೇಗೆ ಗೊತ್ತಾಗುತ್ತದೆ? ಉತ್ತರ ಬರೆಯಲಾಗದ ಕೊಂಡಿಯೇ ನಿಮ್ಮ ಕಾರ್ಯಕ್ರಮದ ದುರ್ಬಲ ಜಾಗ. ಎಷ್ಟೋ ಸಲ ಇಷ್ಟು ಬರೆಯುವಾಗಲೇ ಕಾರ್ಯಕ್ರಮವನ್ನು ತಿದ್ದಬೇಕೆಂದು ಹೊಳೆಯುತ್ತದೆ.

ಮೂರನೆಯ ಹೆಜ್ಜೆ: ಕಾಗದದ ಮೇಲಿದ್ದದ್ದು ಶಾಲೆಗೆ ತಲುಪಿತೇ?

ಇದು ಸರಳ ಲೆಕ್ಕ, ಆದರೆ ಬಿಡುವಂತಿಲ್ಲ. ಎಷ್ಟು ದಿನಗಳ ತರಬೇತಿ ಎಂದಿತ್ತು, ಎಷ್ಟು ನಡೆಯಿತು, ಒಬ್ಬೊಬ್ಬ ಶಿಕ್ಷಕರೂ ಎಷ್ಟು ಗಂಟೆ ಹಾಜರಿದ್ದರು, ಎಷ್ಟು ಭೇಟಿ ತಪ್ಪಿತು, ವರ್ಷದ ನಡುವೆ ಎಷ್ಟು ಜನ ವರ್ಗಾವಣೆಯಾದರು. ಕಿಟ್ ಕೊಟ್ಟಿದ್ದರೆ ಅದರ ಪೊಟ್ಟಣ ಒಡೆದಿದೆಯೇ, ಮಕ್ಕಳ ಕೈ ತಾಗಿದ ಗುರುತಿದೆಯೇ ಎಂದು ಕಣ್ಣಾರೆ ನೋಡಿ. ತಂತ್ರಾಂಶವಾದರೆ ಬಳಕೆಯ ದಾಖಲೆ ಅದರೊಳಗೇ ಇರುತ್ತದೆ. ಹನ್ನೆರಡು ಭೇಟಿಯ ಬದಲು ನಾಲ್ಕೇ ನಡೆದಿದ್ದರೆ ವರ್ಷದ ಕೊನೆಯಲ್ಲಿ ನೀವು ಅಳೆಯುತ್ತಿರುವುದು ಬೇರೊಂದು ಕಾರ್ಯಕ್ರಮವನ್ನು.

ನಾಲ್ಕನೆಯ ಹೆಜ್ಜೆ: ಮಗುವಿನ ತಪ್ಪನ್ನು ಓದಬಲ್ಲ ಪರೀಕ್ಷೆ ಮಾಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ಮೌಲ್ಯಮಾಪನದ ಜೀವ ಇರುವುದು ಇಲ್ಲೇ.

0.8 ಮತ್ತು 0.35, ಇವೆರಡರಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ ಅನೇಕ ಮಕ್ಕಳು 0.35 ಎನ್ನುತ್ತಾರೆ. 35 ಎಂಟಕ್ಕಿಂತ ದೊಡ್ಡದಲ್ಲವೇ? ಅವರು ಪೂರ್ಣಸಂಖ್ಯೆಗಳ ನಿಯಮವನ್ನು ದಶಮಾಂಶಕ್ಕೂ ಎಳೆಯುತ್ತಿದ್ದಾರೆ. ಆದರೆ ಇದೊಂದೇ ಪ್ರಶ್ನೆ ಕೇಳಿ, ಸರಿಯುತ್ತರ ಕೊಟ್ಟವರೆಲ್ಲ ದಶಮಾಂಶ ಕಲಿತಿದ್ದಾರೆ ಎಂದುಕೊಂಡರೆ ಮೋಸಹೋಗುತ್ತೀರಿ. ಇನ್ನೊಂದು ಬಗೆಯ ಮಕ್ಕಳಿದ್ದಾರೆ. ನೂರರಲ್ಲೊಂದು ಪಾಲು ಹತ್ತರಲ್ಲೊಂದಕ್ಕಿಂತ ಚಿಕ್ಕದು ಎಂದು ಕೇಳಿಸಿಕೊಂಡು, ಅಂಕಿಗಳು ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಎಂದು ನಂಬಿದವರು. ಅವರು 0.8 ಎಂದು ಸರಿಯಾಗಿಯೇ ಹೇಳುತ್ತಾರೆ, ತಪ್ಪು ಕಾರಣಕ್ಕೆ. ಅವರನ್ನು ಗುರುತಿಸಲು 0.4 ಮತ್ತು 0.73 ಕೊಡಬೇಕು. ಆಗ ಅವರು 0.4 ದೊಡ್ಡದು ಎನ್ನುತ್ತಾರೆ. ಎರಡೂ ಜೋಡಿಗಳನ್ನು ಇಟ್ಟಾಗಲೇ ಮೂರು ಬಗೆಯ ಮಕ್ಕಳು ಬೇರೆ ಬೇರೆಯಾಗಿ ಕಾಣುವುದು. ತರಬೇತಿ ಕೆಲಸ ಮಾಡಿದ್ದರೆ ಒಟ್ಟು ಅಂಕ ಏರುವುದಷ್ಟೇ ಅಲ್ಲ, ತಪ್ಪುಗಳ ಈ ಹಂಚಿಕೆಯೇ ಬದಲಾಗಿರಬೇಕು.

ವಿಜ್ಞಾನಕ್ಕೂ ಇದೇ ಮಾತು. ಮೇಲಕ್ಕೆ ಎಸೆದ ಕಲ್ಲು ಕೈಬಿಟ್ಟ ಮೇಲೆ ಏರುತ್ತಿರುವಾಗ ಅದರ ಮೇಲೆ ಯಾವ ಬಲಗಳಿವೆ? ಗಾಳಿಯ ತಡೆ ಬಿಟ್ಟರೆ ಗುರುತ್ವವೊಂದೇ. ನ್ಯೂಟನ್ನನ ನಿಯಮಗಳನ್ನು ಅಕ್ಷರ ತಪ್ಪದೆ ಬರೆಯಬಲ್ಲ ವಿದ್ಯಾರ್ಥಿಯೂ "ಎಸೆದ ಬಲ ಮೇಲಕ್ಕೆ ತಳ್ಳುತ್ತಿರುತ್ತದೆ" ಎಂಬ ಆಯ್ಕೆಗೆ ಗುರುತು ಹಾಕುತ್ತಾನೆ. ಇಂಥ ತಪ್ಪು ಗ್ರಹಿಕೆಗಳನ್ನೇ ಆಯ್ಕೆಗಳಾಗಿ ಇಟ್ಟ ಬಲಪರಿಕಲ್ಪನೆಯ ಪರೀಕ್ಷೆಯೊಂದನ್ನು ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು. ರಿಚರ್ಡ್ ಹೇಕ್ 1998ರಲ್ಲಿ 62 ಭೌತಶಾಸ್ತ್ರ ಕೋರ್ಸ್‌ಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಗೂಡಿಸಿದರು. ಹೆಚ್ಚಿನ ಕೋರ್ಸ್‌ಗಳಲ್ಲಿ ಬಳಸಿದ್ದು ಇದೇ ಪರೀಕ್ಷೆ. ವಿದ್ಯಾರ್ಥಿಗಳು ಇನ್ನೂ ಕಲಿಯಬೇಕಾಗಿದ್ದ ಪಾಲಿನಲ್ಲಿ ಎಷ್ಟು ಕಲಿತರು ಎಂಬುದು ಅವರ ಅಳತೆ. ಲೆಕ್ಕ ಸುಲಭ: ನಂತರದ ಶೇಕಡಾ ಅಂಕದಿಂದ ಮೊದಲಿನದನ್ನು ಕಳೆಯಿರಿ, 100ರಿಂದ ಮೊದಲಿನದನ್ನು ಕಳೆದು ಅದರಿಂದ ಭಾಗಿಸಿ. 40ರಿಂದ 70ಕ್ಕೆ ಏರಿದ ತರಗತಿಯ ಗಳಿಕೆ 30/60, ಅಂದರೆ 0.5. ಉಪನ್ಯಾಸವೇ ಪ್ರಧಾನವಾಗಿದ್ದ ಕೋರ್ಸ್‌ಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳನ್ನು ಯೋಚನೆಗೆ ಹಚ್ಚಿದ ಕೋರ್ಸ್‌ಗಳದ್ದು 0.48. ಇವು ಚೀಟಿ ಎತ್ತಿ ಆರಿಸಿದ ಗುಂಪುಗಳಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಈ ಅಂತರವನ್ನು ಓದಬೇಕು. ಆದರೂ ಪರೀಕ್ಷೆ ಯಾವುದನ್ನು ಹಿಡಿಯಬೇಕೆಂದು ಹೊರಟಿತ್ತೋ ಅದನ್ನು ಹಿಡಿದದ್ದರಿಂದಲೇ ಈ ಅಂತರ ಕಂಡದ್ದು.

ಪರೀಕ್ಷೆ ತಯಾರಿಸುವಾಗ ಎರಡು ಕಡೆ ಜಾರುವ ಅಪಾಯವಿದೆ. ಶಾಲೆಯ ವಾರ್ಷಿಕ ಪರೀಕ್ಷೆಯ ಅಂಕವನ್ನೇ ತೆಗೆದುಕೊಂಡರೆ ನೀವು ಕಲಿಸಿದ ಭಿನ್ನರಾಶಿಯ ಪಾಲು ಅದರಲ್ಲಿ ಎರಡೋ ಮೂರೋ ಪ್ರಶ್ನೆ ಇರಬಹುದು, ಸುಧಾರಣೆ ಆಗಿದ್ದರೂ ಕಾಣದು. ಕಾರ್ಯಕ್ರಮ ನಡೆಸಿದವರೇ ತಮ್ಮ ಸಾಮಗ್ರಿಯಿಂದ ಪ್ರಶ್ನೆ ಎತ್ತಿ ಪರೀಕ್ಷೆ ಮಾಡಿದರೆ ಸುಧಾರಣೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 645 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಅಲನ್ ಚೆಯುಂಗ್ ಮತ್ತು ರಾಬರ್ಟ್ ಸ್ಲೇವಿನ್ 2016ರಲ್ಲಿ ಹೇಳಿದ್ದು ಇದನ್ನೇ: ಸಂಶೋಧಕರು ತಾವೇ ಮಾಡಿದ ಪರೀಕ್ಷೆಗಳಲ್ಲಿ ಕಾಣುವ ಪರಿಣಾಮ ಸ್ವತಂತ್ರ ಪರೀಕ್ಷೆಗಳಲ್ಲಿ ಕಾಣುವುದರ ಸುಮಾರು ಎರಡು ಪಟ್ಟು. ಹಾಗಾಗಿ ಎರಡನ್ನೂ ಬಳಸಿ: ಕಾರ್ಯಕ್ರಮದ ವಿಷಯಕ್ಕೆ ಹತ್ತಿರದ ಒಂದು, ಹೊರಗಿನವರು ಮಾಡಿದ ವಿಶಾಲವಾದ ಒಂದು. ಎರಡರ ಫಲಿತಾಂಶವನ್ನೂ ವರದಿಯಲ್ಲಿ ಅಕ್ಕಪಕ್ಕ ಇಡಿ.

ಪ್ರಶ್ನೆಗಳನ್ನು ನೇರವಾಗಿ ಕಣಕ್ಕಿಳಿಸಬೇಡಿ. ಅಧ್ಯಯನಕ್ಕೆ ಸೇರದ ಶಾಲೆಯ ಮೂವತ್ತು ಮಕ್ಕಳಿಂದ ಬಿಡಿಸಿ ನೋಡಿ. ಎಲ್ಲರೂ ಸರಿ ಬರೆದ ಪ್ರಶ್ನೆ, ಒಬ್ಬರೂ ಬರೆಯಲಾಗದ ಪ್ರಶ್ನೆ, ಎರಡರಿಂದಲೂ ಪ್ರಯೋಜನ ಕಡಿಮೆ. ಅವರಲ್ಲಿ ಐದಾರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇದನ್ನು ಹೇಗೆ ಮಾಡಿದೆ ಪುಟ್ಟಾ?" ಎಂದು ಕೇಳಿ. ಮಗು ಗಣಿತ ಬಾರದೆ ತಪ್ಪಿತೋ, ಪ್ರಶ್ನೆಯ ಭಾಷೆ ಅರ್ಥವಾಗದೆ ತಪ್ಪಿತೋ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ. ನನ್ನ ಅನುಭವದಲ್ಲಿ ಈ ಅರ್ಧ ದಿನದ ಕೆಲಸದಷ್ಟು ಕಣ್ಣು ತೆರೆಸುವುದು ಬೇರೊಂದಿಲ್ಲ.

ಐದನೆಯ ಹೆಜ್ಜೆ: ಕಾರ್ಯಕ್ರಮ ಇಲ್ಲದಿದ್ದರೆ ಏನಾಗುತ್ತಿತ್ತು?

ಜೂನ್‌ನಲ್ಲಿ 38 ಅಂಕ, ಮಾರ್ಚ್‌ನಲ್ಲಿ 51. ಹದಿಮೂರು ಅಂಕ ಏರಿತು ಎಂದು ಸಂಭ್ರಮಿಸುವ ಮುಂಚೆ ಒಂದು ಮಾತು: ಮಕ್ಕಳು ಆ ಒಂಬತ್ತು ತಿಂಗಳು ಹೇಗಿದ್ದರೂ ಶಾಲೆಗೆ ಹೋಗುತ್ತಿದ್ದರು, ಬೆಳೆಯುತ್ತಿದ್ದರು, ಕಲಿಯುತ್ತಿದ್ದರು. ಹೋಲಿಕೆಗೆ ತರಬೇತಿ ಇಲ್ಲದ ಶಾಲೆಗಳೂ ಬೇಕು. ಅಲ್ಲಿ ಇದೇ ಅವಧಿಯಲ್ಲಿ ಅಂಕ 40ರಿಂದ 49ಕ್ಕೆ ಏರಿದೆ ಅಂದುಕೊಳ್ಳಿ. ಅಲ್ಲಿಯ ಏರಿಕೆ 9, ಇಲ್ಲಿಯದು 13. ಕಾರ್ಯಕ್ರಮದ ಪಾಲು ಎಂದು ಹೇಳಬಹುದಾದದ್ದು 4 ಅಂಕ. ಎರಡು ಗುಂಪುಗಳ ಏರಿಕೆಯ ನಡುವಿನ ಅಂತರ ನೋಡುವ ಈ ವಿಧಾನಕ್ಕೂ ಒಂದು ಷರತ್ತಿದೆ. ಕಾರ್ಯಕ್ರಮ ಇಲ್ಲದಿದ್ದರೆ ಎರಡೂ ಗುಂಪು ಒಂದೇ ವೇಗದಲ್ಲಿ ಏರುತ್ತಿದ್ದವು ಎಂದು ನಂಬಲು ಕಾರಣ ಇರಬೇಕು. ಹಿಂದಿನ ಎರಡು ಮೂರು ವರ್ಷಗಳ ಅಂಕ ಸಿಕ್ಕರೆ ಆ ನಂಬಿಕೆಯನ್ನು ಪರೀಕ್ಷಿಸಿ.

ಹೋಲಿಕೆಯ ಶಾಲೆಗಳನ್ನು ಆರಿಸುವಾಗಲೇ ಹೆಚ್ಚಿನ ಎಡವಟ್ಟು. ತಾವಾಗಿ ಮುಂದೆ ಬಂದ ಶಿಕ್ಷಕರನ್ನು ಮುಂದೆ ಬಾರದವರ ಜೊತೆ ಹೋಲಿಸಿದರೆ ನೀವು ಅಳೆಯುವುದು ಅವರ ಉತ್ಸಾಹವನ್ನು. ಅತಿ ಕಡಿಮೆ ಅಂಕ ಬಂದ ಶಾಲೆಗಳನ್ನೇ ಕಾರ್ಯಕ್ರಮಕ್ಕೆ ಆರಿಸಿದರೆ ಇನ್ನೊಂದು ತೊಡಕು. ಒಂದು ವರ್ಷದ ತೀರ ಕೆಳಗಿನ ಅಂಕದಲ್ಲಿ ಸ್ವಲ್ಪ ದುರದೃಷ್ಟವೂ ಬೆರೆತಿರುತ್ತದೆ, ಮರುವರ್ಷ ಅದು ತಾನಾಗಿಯೇ ಸರಾಸರಿಯ ಕಡೆ ಸರಿಯುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮಂದಿರ ಮತ್ತು ಮಕ್ಕಳ ಎತ್ತರದಲ್ಲಿ ತೋರಿಸಿದ್ದು ಇದೇ ಗುಣವನ್ನು. ಯಾರೂ ಏನೂ ಮಾಡದಿದ್ದರೂ ಕಾಣುತ್ತಿದ್ದ ಏರಿಕೆಯ ಶ್ರೇಯಸ್ಸು ಕಾರ್ಯಕ್ರಮಕ್ಕೆ ಹೋಗಿಬಿಡುತ್ತದೆ.

ಇದಕ್ಕೆಲ್ಲ ಒಳ್ಳೆಯ ಮದ್ದು ಚೀಟಿ ಎತ್ತುವುದು. ಒಪ್ಪಿದ ಶಾಲೆಗಳ ಪಟ್ಟಿ ಮಾಡಿ, ಎಲ್ಲರೆದುರು ಚೀಟಿ ಎತ್ತಿ, ಅರ್ಧ ಶಾಲೆಗಳಿಗೆ ಈ ವರ್ಷ ತರಬೇತಿ, ಉಳಿದರ್ಧಕ್ಕೆ ಮುಂದಿನ ವರ್ಷ. ಯಾರಿಗೂ ಅನ್ಯಾಯವಾಗದು. ಒಂದೇ ಸಲ ಎಲ್ಲ ಶಾಲೆಗಳಿಗೂ ತರಬೇತಿ ಕೊಡುವ ಶಕ್ತಿ ಯಾರ ಬಳಿಯೂ ಸಾಮಾನ್ಯವಾಗಿ ಇರುವುದಿಲ್ಲವಲ್ಲ. ಸರದಿಯನ್ನು ಶಿಫಾರಸಿನ ಬದಲು ಚೀಟಿ ನಿರ್ಧರಿಸಲಿ.

ಚೀಟಿ ಎತ್ತುವುದರ ಬೆಲೆ ತಿಳಿಯಬೇಕಾದರೆ ಕೀನ್ಯಾದ ಮಗುಚುವ ಚಾರ್ಟುಗಳ ಕತೆ ಕೇಳಬೇಕು. ವಿಜ್ಞಾನ, ಗಣಿತ ಮುಂತಾದ ವಿಷಯಗಳಿಗೆ ಮಗುಚಿ ತೋರಿಸುವ ದೊಡ್ಡ ಚಿತ್ರಪಟಗಳು ಕೆಲವು ಶಾಲೆಗಳಲ್ಲಿದ್ದವು, ಕೆಲವಲ್ಲಿ ಇರಲಿಲ್ಲ. ಇದ್ದ ಶಾಲೆಗಳನ್ನೂ ಇಲ್ಲದವನ್ನೂ ಸುಮ್ಮನೆ ಹೋಲಿಸಿದಾಗ ಚಾರ್ಟುಗಳಿಂದ ಮಾನಕ ವಿಚಲನೆಯ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿಕೊಂಡಿವೆ ಎಂಬ ಅಳತೆಯ) ಶೇ 20ರವರೆಗೂ ಅಂಕ ಏರುತ್ತದೆ ಎಂದು ಕಂಡಿತು. 178 ಶಾಲೆಗಳನ್ನು ತೆಗೆದುಕೊಂಡು, ಅರ್ಧಕ್ಕೆ ಯಾದೃಚ್ಛಿಕವಾಗಿ ಚಾರ್ಟು ಕೊಟ್ಟು ನೋಡಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. 2004ರಲ್ಲಿ ಪ್ರಕಟವಾದ ಈ ಅಧ್ಯಯನ ಪಾಲ್ ಗ್ಲೂವಿ, ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರದು. ಚಾರ್ಟು ಇದ್ದ ಶಾಲೆಗಳು ಬೇರೆ ವಿಧದಲ್ಲೂ ಅನುಕೂಲಸ್ಥವಾಗಿದ್ದವು ಎಂಬುದೇ ಮೊದಲ ಹೋಲಿಕೆಯನ್ನು ಕೆಡಿಸಿದ್ದಿರಬೇಕು.

ಆರನೆಯ ಹೆಜ್ಜೆ: ಎಷ್ಟು ಶಾಲೆ ಬೇಕು?

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತೇವೆ. ಆದರೆ ಆ ಅಗುಳು ಹೇಳುವುದು ಆ ಒಂದು ಪಾತ್ರೆಯ ಕತೆಯನ್ನು. ಒಂದು ಶಾಲೆಯ ಮಕ್ಕಳು ಒಂದೇ ಪಾತ್ರೆಯ ಅಗುಳುಗಳಂತೆ: ಅದೇ ಶಿಕ್ಷಕರು, ಅದೇ ಪರಿಸರ. ಅವರಲ್ಲಿ ನಲವತ್ತು ಜನರನ್ನು ಅಳೆದರೂ ನಲವತ್ತು ಸ್ವತಂತ್ರ ಸಾಕ್ಷಿ ಸಿಕ್ಕಂತಾಗದು.

ಇದರ ಲೆಕ್ಕವಿದೆ. ಶಾಲೆಯೊಳಗಿನ ಈ ಹೋಲಿಕೆಯನ್ನು 0ಯಿಂದ 1ರ ನಡುವಿನ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ, ಶಾಲಾ ಅಂಕಗಳಿಗೆ ಅದು 0.2ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಪ್ರತಿ ಶಾಲೆಯಲ್ಲಿ 40 ಮಕ್ಕಳಾದರೆ, 39ನ್ನು 0.2ರಿಂದ ಗುಣಿಸಿ 1 ಕೂಡಿಸಿ: 8.8. ಇಪ್ಪತ್ತು ಶಾಲೆಗಳ 800 ಮಕ್ಕಳನ್ನು 8.8ರಿಂದ ಭಾಗಿಸಿದರೆ ಸುಮಾರು 91. ಅಂದರೆ 800 ಮಕ್ಕಳ ಪರೀಕ್ಷೆ ಮಾಡಿದರೂ ಕೈಗೆ ಸಿಗುವುದು 91 ಸ್ವತಂತ್ರ ಮಕ್ಕಳಿಂದ ಸಿಗುವಷ್ಟೇ ಮಾಹಿತಿ. ಮಕ್ಕಳನ್ನು ಪ್ರತಿ ಶಾಲೆಗೆ 80ಕ್ಕೆ ಏರಿಸಿದರೆ? 95 ಆಗುತ್ತದೆ, ಅಷ್ಟೇ. ಅದರ ಬದಲು ಮಕ್ಕಳ ಸಂಖ್ಯೆ ಹಾಗೇ ಇಟ್ಟು ಶಾಲೆಗಳನ್ನು 40ಕ್ಕೆ ಏರಿಸಿದರೆ 182. ಹಣ ಇದ್ದಷ್ಟೂ ಹೆಚ್ಚು ಶಾಲೆಗೆ ಹೋಗಿ, ಪ್ರತಿ ಶಾಲೆಯಲ್ಲಿ ಕಡಿಮೆ ಮಕ್ಕಳನ್ನು ಅಳೆಯಿರಿ. ನಿಮ್ಮದು ಐದಾರು ಶಾಲೆಗಳ ಪುಟ್ಟ ಕಾರ್ಯಕ್ರಮವೇ? ಹಾಗಾದರೆ ಅಂಕಿಅಂಶದ ತೀರ್ಪಿನ ಆಸೆ ಬಿಟ್ಟು ತರಗತಿಗಳನ್ನು ಆಳವಾಗಿ ನೋಡಿ ಬರೆಯಿರಿ. ಅದು ಕೀಳು ಕೆಲಸವಲ್ಲ, ಮುಂದಿನ ದೊಡ್ಡ ಅಧ್ಯಯನಕ್ಕೆ ಪ್ರಶ್ನೆಗಳು ಹುಟ್ಟುವುದು ಅಲ್ಲೇ.

ಏಳನೆಯ ಹೆಜ್ಜೆ: ತರಗತಿಯಲ್ಲಿ ಕುಳಿತು ನೋಡಿ

ಹಿಂದಿನ ಬೆಂಚಿನಲ್ಲಿ ಕುಳಿತು "ಪಾಠ ಚೆನ್ನಾಗಿತ್ತು, 5ಕ್ಕೆ 4" ಎಂದು ಬರೆಯುವುದರಿಂದ ಏನೂ ತಿಳಿಯದು. ಎಣಿಸಬಹುದಾದದ್ದನ್ನು ಹುಡುಕಿ. ಶಿಕ್ಷಕರು ಕೇಳಿದ ಪ್ರಶ್ನೆಗಳಲ್ಲಿ ಒಂದೇ ಪದದ ಉತ್ತರ ಬೇಡುವವು ಎಷ್ಟು, ಕಾರಣ ಕೇಳುವವು ಎಷ್ಟು? ತಪ್ಪು ಉತ್ತರ ಬಂದಾಗ ಶಿಕ್ಷಕರು ಅದನ್ನು ದಾಟಿ ಇನ್ನೊಬ್ಬರನ್ನು ಕೇಳಿದರೋ, ಆ ತಪ್ಪನ್ನೇ ಹಲಗೆಯ ಮೇಲೆ ಬರೆದು ಚರ್ಚೆಗೆ ಇಟ್ಟರೋ? ವಿಜ್ಞಾನದ ಪಾಠದಲ್ಲಿ ಪ್ರಯೋಗ ಮಾಡಿದವರು ಯಾರು, ನೋಡುತ್ತ ನಿಂತವರು ಯಾರು? ಪ್ರಯೋಗಕ್ಕೆ ಮುಂಚೆ "ಏನಾಗಬಹುದು?" ಎಂದು ಮಕ್ಕಳಿಂದ ಊಹೆ ಕೇಳಿದರೇ?

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದು ನನಗೆ ತುಂಬ ಇಷ್ಟವಾದ ಅಳತೆ. ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಿಕೆ ಕೇಳಿ ಕಂಡುಕೊಂಡದ್ದು: ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರು ಬಾಯಿಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಕೈಗಡಿಯಾರವೊಂದಿದ್ದರೆ ಇದನ್ನು ಯಾರಾದರೂ ಅಳೆಯಬಹುದು.

ಒಂದೇ ಪಾಠ ನೋಡಿ ಶಿಕ್ಷಕರ ಬಗ್ಗೆ ತೀರ್ಮಾನಕ್ಕೆ ಬರಬೇಡಿ, ಬೇರೆ ಬೇರೆ ದಿನ ಮೂರು ನಾಲ್ಕು ಸಲವಾದರೂ ಹೋಗಿ. ಮೊದಲು ಕೆಲವು ಪಾಠಗಳನ್ನು ಇಬ್ಬರು ವೀಕ್ಷಕರು ಒಟ್ಟಿಗೆ ಕುಳಿತು ಬೇರೆ ಬೇರೆಯಾಗಿ ಗುರುತಿಸಲಿ, ಆಮೇಲೆ ಹೋಲಿಸಿ. ಇಬ್ಬರೂ ಒಪ್ಪದ ಕಡೆ ನಿಮ್ಮ ನಮೂನೆಯ ವಾಕ್ಯವೇ ಅಸ್ಪಷ್ಟವಾಗಿರುತ್ತದೆ, ಅದನ್ನು ತಿದ್ದಿ. ವೀಕ್ಷಕರಿಗೆ ಯಾವುದು ತರಬೇತಿ ಪಡೆದ ಶಾಲೆ ಎಂದು ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು, ಬಹಳ ಮುಖ್ಯವಾದದ್ದು. ಈ ಟಿಪ್ಪಣಿ ಮೇಲಧಿಕಾರಿಗಳ ಮೇಜಿಗೆ ಹೋಗುತ್ತದೆ ಎಂಬ ಭಯ ಶಿಕ್ಷಕರಲ್ಲಿದ್ದರೆ ನೀವು ನೋಡುವುದು ನಿಮಗಾಗಿ ತಯಾರಾದ ಪಾಠ. ಹೋಗುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದ ಮಾತಿಗೆ ನಿಲ್ಲಿ. ಬಡ್ತಿ, ವರ್ಗಾವಣೆಗೆ ಈ ದಾಖಲೆ ಬೇಕೆಂದು ಯಾರು ಕೇಳಿದರೂ ಕೊಡಬೇಡಿ.

ಎಂಟನೆಯ ಹೆಜ್ಜೆ: ಕಾಣೆಯಾದ ಮಕ್ಕಳನ್ನು ಹುಡುಕಿ

ಮೊದಲ ಪರೀಕ್ಷೆ ಬರೆದವರು 800, ಕೊನೆಯದನ್ನು ಬರೆದವರು 650 ಎಂದಿಟ್ಟುಕೊಳ್ಳಿ. ಉಳಿದ 150 ಮಕ್ಕಳು ಯಾರು? ಗೈರುಹಾಜರಾಗುವವರು ಹೆಚ್ಚಾಗಿ ಹಿಂದುಳಿದ ಮಕ್ಕಳೇ. ಅವರು ಬಿಟ್ಟುಹೋದರೆ ಸರಾಸರಿ ತಾನಾಗಿಯೇ ಏರುತ್ತದೆ. ಕಾರ್ಯಕ್ರಮದ ಶಾಲೆಗಳಲ್ಲಿ ಹೆಚ್ಚು, ಹೋಲಿಕೆಯ ಶಾಲೆಗಳಲ್ಲಿ ಕಡಿಮೆ ಮಕ್ಕಳು ಬಿಟ್ಟುಹೋಗಿದ್ದರಂತೂ ಇಡೀ ಹೋಲಿಕೆ ಸಡಿಲವಾಗುತ್ತದೆ. ಗೈರಾದವರಿಗಾಗಿ ಇನ್ನೊಂದು ದಿನ ಹೋಗಿ ಪರೀಕ್ಷೆ ಮಾಡಲು ಮೊದಲೇ ಹಣ, ಸಮಯ ಎತ್ತಿಡಿ. ಪ್ರತಿ ಮಗುವಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟರೆ ಎರಡು ಪರೀಕ್ಷೆಗಳನ್ನು ಜೋಡಿಸುವುದು ಸುಲಭ, ಹೆಸರುಗಳನ್ನು ಬೇರೆ ಕಡೆ ಭದ್ರವಾಗಿಡಬಹುದು. ಪೋಷಕರ, ಶಾಲೆಯ ಒಪ್ಪಿಗೆಯನ್ನು ಬರೆಸಿಕೊಂಡೇ ಮುಂದುವರಿಯಿರಿ.

ಒಂಬತ್ತನೆಯ ಹೆಜ್ಜೆ: ನಾಲ್ಕು ಅಂಕ ದೊಡ್ಡದೋ ಚಿಕ್ಕದೋ?

ಮೇಲಿನ ಉದಾಹರಣೆಯ 4 ಅಂಕಕ್ಕೆ ಮರಳೋಣ. ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದು ತಿಳಿಯದೆ ಇದಕ್ಕೆ ಅರ್ಥವಿಲ್ಲ. ಮಾನಕ ವಿಚಲನೆ 25 ಎಂದಾದರೆ 4/25, ಅಂದರೆ 0.16. ಹಳೆಯ ಪುಸ್ತಕಗಳು ಜೇಕಬ್ ಕೋಹೆನ್ ಅವರ ಅಳತೆಗೋಲು ಹಿಡಿದು 0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು ಎನ್ನುತ್ತವೆ. ಆ ಲೆಕ್ಕದಲ್ಲಿ ನಿಮ್ಮ ವರ್ಷದ ದುಡಿಮೆ ಚಿಕ್ಕದಕ್ಕಿಂತಲೂ ಚಿಕ್ಕದು. ಆದರೆ ಶಾಲೆಗಳಲ್ಲಿ ಯಾದೃಚ್ಛಿಕ ಪ್ರಯೋಗಗಳು ನಿಜವಾಗಿ ಕೊಟ್ಟ ಫಲಿತಾಂಶಗಳನ್ನು ನೋಡಿ ಮ್ಯಾಥ್ಯೂ ಕ್ರಾಫ್ಟ್ 2020ರಲ್ಲಿ ಬೇರೆ ಅಳತೆ ಸೂಚಿಸಿದರು: 0.05ಕ್ಕಿಂತ ಕಡಿಮೆಯಾದರೆ ಚಿಕ್ಕದು, 0.05ರಿಂದ 0.20ರವರೆಗೆ ಮಧ್ಯಮ, ಅದಕ್ಕಿಂತ ಹೆಚ್ಚು ದೊಡ್ಡದು. ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಈ ಎರಡನೆಯದೇ ನ್ಯಾಯವಾಗಿ ಕಾಣುತ್ತದೆ. ಜೊತೆಗೆ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಬರೆಯಿರಿ. "0.16, ನಿಜ ಬೆಲೆ 0.02ರಿಂದ 0.30ರ ನಡುವೆ ಎಲ್ಲಾದರೂ ಇರಬಹುದು" ಎಂಬ ವಾಕ್ಯ "0.16" ಎಂಬುದಕ್ಕಿಂತ ಪ್ರಾಮಾಣಿಕ. ಲೆಕ್ಕ ಹಾಕುವಾಗ ಮಕ್ಕಳು ಶಾಲೆಗಳಲ್ಲಿ ಗುಂಪಾಗಿದ್ದಾರೆ ಎಂಬುದನ್ನು ಮರೆತರೆ ಈ ವ್ಯಾಪ್ತಿ ಸುಳ್ಳಾಗಿ ಕಿರಿದಾಗುತ್ತದೆ.

ಸರಾಸರಿಯ ಹಿಂದೆ ಯಾರಿದ್ದಾರೆಂದೂ ನೋಡಬೇಕು. ಕೀನ್ಯಾದಲ್ಲೇ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟು ನಡೆಸಿದ, 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗೆ ಮಾತ್ರ ಲಾಭವಾಗಿತ್ತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಬಹುಪಾಲು ಮಕ್ಕಳಿಗೆ ಅದು ಓದಿ ಅರ್ಥಮಾಡಿಕೊಳ್ಳುವಷ್ಟು ಹತ್ತಿರದ ಭಾಷೆಯಾಗಿರಲಿಲ್ಲ. ಆದ್ದರಿಂದ ಮೊದಲ ಪರೀಕ್ಷೆಯ ಅಂಕದ ಪ್ರಕಾರ ಮಕ್ಕಳನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನ ಬದಲಾವಣೆಯನ್ನು ಬೇರೆಯಾಗಿ ಕೊಡಿ. ಹುಡುಗಿಯರು, ಹುಡುಗರು ಎಂದೂ ನೋಡಿ. ಆದರೆ ಯಾವ ಯಾವ ಪಾಲುಗಳನ್ನು ನೋಡುತ್ತೀರಿ ಎಂಬುದನ್ನು ಅಂಕ ಬರುವ ಮುಂಚೆಯೇ ಬರೆದು ದಿನಾಂಕ ಹಾಕಿಡಿ. ಅಂಕ ಕೈಗೆ ಬಂದ ಮೇಲೆ ಇಪ್ಪತ್ತು ರೀತಿ ಕತ್ತರಿಸಿದರೆ ಎಲ್ಲೋ ಒಂದು ಕಡೆ ಹೊಳೆಯುವ ಫಲಿತಾಂಶ ಸಿಕ್ಕೇ ಸಿಗುತ್ತದೆ, ಅದನ್ನು ನಂಬುವಂತಿಲ್ಲ.

ವೆಚ್ಚವನ್ನೂ ಇದೇ ಹಾಳೆಯಲ್ಲಿ ಸೇರಿಸಿ. ಮುದ್ರಣ, ಸಂಭಾವನೆ, ಪ್ರಯಾಣ ಎಲ್ಲರೂ ಬರೆಯುತ್ತಾರೆ. ಶಿಕ್ಷಕರು ತರಬೇತಿಗೆ ಹೋದ ದಿನಗಳಲ್ಲಿ ನಡೆಯದ ಪಾಠಗಳೂ ವೆಚ್ಚವೇ. ಒಂದೇ ಗಾತ್ರದ ಪರಿಣಾಮ ಕೊಡುವ ಎರಡು ಕಾರ್ಯಕ್ರಮಗಳಲ್ಲಿ ಒಂದು ಶಿಕ್ಷಕರ ಐದು ದಿನ, ಇನ್ನೊಂದು ಇಪ್ಪತ್ತು ದಿನ ತೆಗೆದುಕೊಂಡರೆ ಅವು ಒಂದೇ ಅಲ್ಲ.

ಕೊನೆಯ ಹೆಜ್ಜೆ: ಫಲಿತಾಂಶವನ್ನು ತರಗತಿಗೆ ಹಿಂತಿರುಗಿಸಿ

ವರದಿ ಬರೆಯುವಾಗ ಸರಪಳಿಯ ಕ್ರಮದಲ್ಲೇ ಬರೆಯಿರಿ: ಎಷ್ಟು ತಲುಪಿತು, ಶಿಕ್ಷಕರ ತಿಳಿವಳಿಕೆ ಎಷ್ಟು ಬದಲಾಯಿತು, ತರಗತಿಯಲ್ಲಿ ಏನು ಕಂಡಿತು, ಮಕ್ಕಳು ಎಷ್ಟು ಕಲಿತರು. ಪರಿಣಾಮ ಸೊನ್ನೆ ಎಂದು ಬಂದರೂ ಬರೆಯಿರಿ, ಮೊದಲ ಪುಟದಲ್ಲೇ ಬರೆಯಿರಿ. ಇಂಥ ವರದಿಗಳು ಕಪಾಟಿನಲ್ಲಿ ಉಳಿಯುವುದರಿಂದಲೇ ಒಂದು ಕಡೆ ಸೋತ ತರಬೇತಿ ಇನ್ನೊಂದು ಕಡೆ ಹೊಸ ಹೆಸರಿನಲ್ಲಿ ಶುರುವಾಗುವುದು.

ಶಿಕ್ಷಕರಿಗೆ ಆ ದಪ್ಪ ವರದಿ ಬೇಡ. ಪ್ರತಿಯೊಬ್ಬರಿಗೂ ಅವರ ತರಗತಿಯದೇ ಒಂದು ಹಾಳೆ ಕೊಡಿ: ಯಾವ ಪ್ರಶ್ನೆಗೆ ಎಷ್ಟು ಮಕ್ಕಳು ಯಾವ ತಪ್ಪು ಉತ್ತರ ಕೊಟ್ಟರು. "ನಿಮ್ಮ ತರಗತಿಯಲ್ಲಿ 14 ಮಕ್ಕಳು ಈಗಲೂ 0.4 ದೊಡ್ಡದು, 0.73 ಚಿಕ್ಕದು ಎನ್ನುತ್ತಿದ್ದಾರೆ" ಎಂಬ ಒಂದು ಸಾಲು ಸಿಕ್ಕರೆ ಶಿಕ್ಷಕಿ ಮರುದಿನವೇ ಸಂಖ್ಯಾರೇಖೆ ಬರೆದು ಪಾಠ ಶುರುಮಾಡಬಹುದು. ಪರೀಕ್ಷೆ ಆದ ಹದಿನೈದು ದಿನಗಳೊಳಗೆ ಈ ಹಾಳೆ ಅವರ ಕೈ ಸೇರಬೇಕು, ಆಮೇಲೆ ತರಗತಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಟ್ಟಿರುತ್ತದೆ.

ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೆ ಅದೇ ಶಾಲೆಗಳಿಗೆ ಇನ್ನೊಮ್ಮೆ ಹೋಗಲು ಈಗಲೇ ದಿನ ಗೊತ್ತುಮಾಡಿಕೊಳ್ಳಿ. ಭೇಟಿಗಳು ನಿಂತ ಮೇಲೂ ಆ ಶಿಕ್ಷಕರು ಪ್ರಶ್ನೆ ಕೇಳಿ ಮೂರು ಸೆಕೆಂಡು ಕಾಯುತ್ತಿದ್ದಾರೆಯೇ, ಮುಂದಿನ ತರಗತಿಗೆ ಹೋದ ಮಕ್ಕಳು ದಶಮಾಂಶವನ್ನು ಇನ್ನೂ ಸರಿಯಾಗಿ ಹೋಲಿಸುತ್ತಾರೆಯೇ ಎಂದು ಅದೇ ಪ್ರಶ್ನೆಗಳ ಜೋಡಿ ಕೊಟ್ಟು ನೋಡಿ. ಅಷ್ಟು ಹೊತ್ತಿಗೆ ಚೀಟಿಯಲ್ಲಿ ಎರಡನೆಯ ವರ್ಷದ ಸರದಿ ಬಂದ ಶಾಲೆಗಳಲ್ಲೂ ತರಬೇತಿ ನಡೆದಿರುತ್ತದೆ, ಆದ್ದರಿಂದ ಅವು ಹೋಲಿಕೆಗೆ ಸಿಗುವುದಿಲ್ಲ. ಈ ಕೊನೆಯ ಸುತ್ತಿಗೂ ಹೋಲಿಕೆ ಬೇಕೆಂದಿದ್ದರೆ ಕೆಲವು ಶಾಲೆಗಳ ಸರದಿಯನ್ನು ಮೂರನೆಯ ವರ್ಷಕ್ಕೆ ಇಡಬೇಕು. ಅದನ್ನು ನಿರ್ಧರಿಸಬೇಕಾದದ್ದು ಚೀಟಿ ಎತ್ತುವ ದಿನವೇ.